ಹದಿಮೂರನೆಯ ಚಿಪ್ಪು

ಮುದ್ದೆಯನ್ನು ಅಗಿದು ತಿನ್ನುವವರನ್ನು ನಮ್ಮ ಕಡೆ ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಪರ ಊರಿನ ನೆಂಟರು ಯಾರಾದರೂ ಎಲೆ ಮುಂದೆ ಕೂತು ಮುದ್ದೆಯನ್ನು ದನ ಮೆಲುಕು ಹಾಕಿದ ಹಾಗೆ ಅಗಿಯತೊಡಗಿದರೆ ಮನೆಯ ಚಿಳ್ಳೆಪಿಳ್ಳೆಗಳೆಲ್ಲ ಬಾಗಿಲ ಮರೆಗೆ ಓಡಿ ಹೋಗಿ ನಗುತ್ತವೆ. ಮುರಿ, ಉರುಟು ಮಾಡು, ಸಾರಿಗೆ ಅದ್ದು, ನುಂಗು. ಅಷ್ಟೇ. ಹಲ್ಲಿಗೂ ಮುದ್ದೆಗೂ ಯಾವ ವ್ಯವಹಾರವೂ ಇಲ್ಲ. ಹುಲಿಕೆರೆಯ ಅಂಗನವಾಡಿ ಟೀಚರ್ ಮೇಘಶ್ರೀ ಕೆಟ್ಟದ್ದು ಈ ಒಂದು ಮಾತನ್ನು ನಂಬಿಕೊಂಡು.

ಅವಳಿಗೆ ಈಗ ಮೂವತ್ತಮೂರು. ತವರು ಬಾಣಾವರದ ಕಡೆ. ಹುಟ್ಟಿದಾಗ ಚೆನ್ನಾಗಿಯೇ ಇದ್ದಳಂತೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದದ್ದೇ ತಡ, ಮೇಲಿನ ಸಾಲು ತುಟಿಯನ್ನು ತಳ್ಳಿಕೊಂಡು ಮುಂದಕ್ಕೆ ಬಂತು. ತೆಂಗಿನ ನಾಡಿನ ಮಕ್ಕಳಿಗೆ ಅಡ್ಡಹೆಸರು ಹುಡುಕಲು ಎಷ್ಟು ಹೊತ್ತು? ತುರಿಯೋಮಣೆ ಎಂದು ಕರೆದರು. ಆ ಹೆಸರು ಹೈಸ್ಕೂಲಿನವರೆಗೂ ಬೆನ್ನು ಬಿಡಲಿಲ್ಲ. ಏಳನೆಯ ತರಗತಿಯ ಗುಂಪು ಫೋಟೊ ತೆಗೆಯಲು ಬಂದವನು ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, ಎರಡನೇ ಸಾಲಿನ ಹುಡುಗಿ ಬಾಯಿ ಮುಚ್ಚಬೇಕು ಎಂದು ಕೂಗಿದ. ಅವಳು ಬಾಯಿ ಮುಚ್ಚಿಕೊಂಡೇ ನಿಂತಿದ್ದಳು. ಅವಳ ಬಾಯಿ ಮುಚ್ಚುತ್ತಿದ್ದದ್ದೇ ಅಷ್ಟು. ಅವತ್ತಿನಿಂದ ಬಲಗೈ ಬಾಯಿಯ ಮೇಲೆ ಹೋಗಿ ಕೂತದ್ದು ಇಳಿಯಲೇ ಇಲ್ಲ. ನಗುವಾಗ ಕೈ, ಮಾತಾಡುವಾಗ ಸೆರಗು, ಮದುವೆಯ ಫೋಟೊದಲ್ಲಿ ಹೂವಿನ ಹಾರದ ಅಂಚು. ಗಂಡ ಸಂತೋಷ ಒಳ್ಳೆಯವನು, ಹಗರೆಯ ಹಾಲಿನ ಡೇರಿಯಲ್ಲಿ ಕೆಲಸ. ಅವನು ಒಂದು ದಿನವೂ ಹಲ್ಲಿನ ಮಾತೆತ್ತಿದವನಲ್ಲ. ಎತ್ತದೆ ಇದ್ದದ್ದೂ ಅವಳಿಗೆ ಚುಚ್ಚುತ್ತಿತ್ತು ಎನ್ನಿ.

ಹೋದ ವರ್ಷ ವಸಡಿನಲ್ಲಿ ರಕ್ತ ಬರುತ್ತದೆಂದು ಅರಸೀಕೆರೆಗೆ ಹೋದಳು. ಅಲ್ಲಿ ಹೇಮಂತ್ ಅಂತ ಒಬ್ಬ ಹಲ್ಲಿನ ಡಾಕ್ಟರು, ಚಿಕ್ಕ ವಯಸ್ಸಿನವರು. ಎಕ್ಸರೇ ಹಿಡಿದು, ಮುಂದಿನ ಹಲ್ಲುಗಳ ಬೇರು ಮೋಟಾಗಿವೆ, ಕಂಬಿ ಹಾಕಿ ಎಳೆದರೆ ತಡೆಯಲಾರವು ಎಂದರು. ಬೇಕಿದ್ದರೆ ಮೇಲಿನ ಸಾಲಿಗೆ ಗಾಜಿನಂಥ ಪ್ಲಾಸ್ಟಿಕ್ಕಿನ ಅಲೈನರ್, ಅಂದರೆ ಹಲ್ಲನ್ನು ಮೆಲ್ಲಗೆ ಹಿಂದಕ್ಕೆ ಒತ್ತುವ ಚಿಪ್ಪು, ಹಾಕಬಹುದು. ಒಟ್ಟು ಇಪ್ಪತ್ತನಾಲ್ಕು, ಒಂದೊಂದನ್ನು ಎರಡೆರಡು ವಾರ ಹಾಕಿಕೊಳ್ಳಬೇಕು, ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು, ಊಟಕ್ಕೆ ಮಾತ್ರ ತೆಗೆಯಬೇಕು. ಆಮೇಲೆ ಅವಳ ಮುಖ ನೋಡಿಯೇ ಒಂದು ಮಾತು ಹೇಳಿದರು.

"ಇದು ಒಂದೇ ಸಲದ ಕೆಲಸ ಮೇಡಂ. ನಡುವೆ ಕೈಬಿಟ್ಟು ಹಲ್ಲು ವಾಪಸ್ ಮುಂದಕ್ಕೆ ಹೋದ್ರೆ, ಇನ್ನೊಂದ್ಸಲ ಎಳೆಯೋಕೆ ಈ ಬೇರು ತಡೆಯಲ್ಲ. ಹಲ್ಲೇ ಹೋಗುತ್ತೆ."

ಅವಳು ಆಗಲಿ ಎಂದಳು. ಎಷ್ಟಾಯಿತು ಎಂದು ಮಾತ್ರ ಕೇಳಬೇಡಿ. ಅವಳ ಸಂಬಳ, ಅವಳ ಬಾಯಿ.

ಮೊದಲನೆಯದನ್ನು ಹಾಕಿಕೊಂಡು ಬಸ್ಸು ಹತ್ತಿದವಳು ಹಳೇಬೀಡು ಬರುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಯಾರೋ ಮೇಲಿನ ಸಾಲಿನ ಹಲ್ಲುಗಳನ್ನೆಲ್ಲ ಒಟ್ಟಿಗೆ ಹಗ್ಗ ಕಟ್ಟಿ ಜಗ್ಗುತ್ತಿರುವಂತೆ ನೋವು. ಚಿಪ್ಪಿನ ಅಂಚು ಕೆನ್ನೆಯ ಒಳಗೆ ಉಜ್ಜಿ ಹುಣ್ಣಾಯಿತು. ಚಿಪ್ಪು ಕಚ್ಚಿ ನಿಲ್ಲಲೆಂದು ಹಲ್ಲಿಗೆ ಅಂಟಿಸಿದ ಸಣ್ಣ ಉಬ್ಬುಗಳು ತುಟಿಯನ್ನು ಗೀರಿದವು. ತೆಗೆಯಲು ಹೋದರೆ ಉಗುರು ಮುರಿಯುತ್ತಿತ್ತು, ಹಾಕಲು ಹೋದರೆ ಜೀವ ಹೋಗುತ್ತಿತ್ತು. ಪ್ರತಿ ಹೊಸ ಚಿಪ್ಪಿನ ಮೊದಲ ಮೂರು ದಿನ ಗಂಜಿಯೇ ಗತಿ. ತಣ್ಣನೆಯ ಮೊಸರನ್ನು ಬಾಯಲ್ಲಿ ತುಂಬಿಕೊಂಡು ಕಣ್ಣು ಮುಚ್ಚಿ ಕೂರುವುದನ್ನು ಕಲಿತಳು. ಮಾತ್ರೆ ನುಂಗಿ ಕೆಲಸಕ್ಕೆ ಹೋಗುವುದನ್ನು ಕಲಿತಳು. ಅಂಗನವಾಡಿಯಲ್ಲಿ ಸೊಪ್ಪು, ಸೂರ್ಯ ಎನ್ನಲು ಹೋದರೆ ನಾಲಿಗೆ ತೊಡರುತ್ತಿತ್ತು. ಮಕ್ಕಳು ಟೀಚರು ಹೇಳಿದ್ದೇ ಸರಿ ಎಂದು ಹಾಗೇ ತೊಡರಿಸಿ ಹೇಳಿದವು, ಒಬ್ಬ ತಾಯಿ ಜಗಳಕ್ಕೇ ಬಂದಳು. ಊರ ಹೆಂಗಸರು ಸುಮ್ಮನಿರುತ್ತಾರೆಯೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರು. ಮದುವೆ ಮನೆಯಲ್ಲಿ ಊಟಕ್ಕೆ ಮುಂಚೆ ಅವಳು ಹಿತ್ತಲಿಗೆ ಹೋಗಿ ಬಾಯಿಂದ ಏನೋ ತೆಗೆದದ್ದನ್ನು ನೋಡಿ, ಇಷ್ಟು ಬೇಗ ಹಲ್ಲು ಕಟ್ಟಿಸಿಕೊಂಡಳೇ ಎಂದು ಕನಿಕರವನ್ನೂ ತೋರಿಸಿದರು. ಉತ್ತರ ಕೊಡಲು ಅವಳು ಬಾಯಿ ತೆರೆಯಬೇಕಲ್ಲ.

ಇನ್ನು ಅತ್ತೆ ರುದ್ರಮ್ಮ. ಎಂಜಲು ಎಂದರೆ ಆಕೆಗೆ ಹಾವು ಕಂಡಂತೆ. ಕುಡಿದ ಲೋಟವನ್ನು ತೊಳೆಯದೆ ಕೆಳಗಿಟ್ಟರೆ ಆ ಜಾಗಕ್ಕೆ ನೀರು ಚಿಮುಕಿಸುವ ಹೆಂಗಸು. ಹಳೆಯ ಅಲೈನರುಗಳನ್ನು ಎಸೆಯಬಾರದು, ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂದು ಡಾಕ್ಟರು ಒಂದು ಜಿಪ್ಪಿನ ಕವರು ಕೊಟ್ಟಿದ್ದರು. ಎರಡನೆಯ ತಿಂಗಳು ರುದ್ರಮ್ಮನ ಕಣ್ಣಿಗೆ ಅದು ಬಿತ್ತು, ಅದೂ ದೇವರ ಗೂಡಿನ ಕೆಳಗಿನ ಕಪಾಟಿನಲ್ಲಿ. ಬಾಯಲ್ಲಿ ಹದಿನೈದು ದಿನ ಇಟ್ಟುಕೊಂಡು ಉಗಿದದ್ದನ್ನು ಯಾರಾದರೂ ಮನೆಯೊಳಗೆ ಮಡಗುತ್ತಾರೆಯೇ ಎಂದು ಆಕೆ ಇಡೀ ದಿನ ಉಣ್ಣಲಿಲ್ಲ. ಕೊನೆಗೆ ಆಕೆಯೇ ಒಂದು ದಾರಿ ಕಂಡುಹಿಡಿದಳು. ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಎಸೆಯುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಹಲ್ಲಿನ ರೂಪ ಇರುವುದಕ್ಕೂ ಅದೇ ಮರ್ಯಾದೆ ಆಗಬೇಕು ಎಂದಳು. ಸೊಸೆ ಹೊಸ ಚಿಪ್ಪು ಹಾಕಿಕೊಂಡ ದಿನ ರುದ್ರಮ್ಮ ಹಳೆಯದನ್ನು ಹಸಿ ಸಗಣಿಯ ಉಂಡೆಯೊಳಗೆ ಅದುಮಿ ತಿಪ್ಪೆಗೆ ಹಾಕುವುದು ರೂಢಿಯಾಯಿತು. ಮೇಘಶ್ರೀ ಒಂದು ಸಲ ಬೇಡ ಎಂದು ನೋಡಿದಳು, ಎರಡು ಸಲ ನೋಡಿದಳು, ಆಮೇಲೆ ದಿನಬೆಳಗಾದರೆ ಜಗಳ ಯಾರಿಗೆ ಬೇಕು ಎಂದು ತಾನೇ ತೊಳೆದು ಕೊಡತೊಡಗಿದಳು. ಮುಗಿದ ಚಿಪ್ಪಿನಿಂದ ಆಗಬೇಕಾದ್ದೇನು ಎಂದು ಅವಳಿಗೂ ಅನಿಸಿತ್ತು.

ಹದಿಮೂರನೆಯದು ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಹೀಗಾಯಿತು. ಅಂಗನವಾಡಿಯಲ್ಲಿ ಊಟವಾಗಿ ಮಕ್ಕಳು ಮಲಗುವ ಹೊತ್ತು, ಎರಡು ಮಕ್ಕಳು ಗಲಾಟೆ ಎಬ್ಬಿಸಿದವು. ಮೇಘಶ್ರೀ ತುಟಿಯ ಮೇಲೆ ಬೆರಳಿಟ್ಟು ಶ್ ಎಂದಳು. ಬೆರಳಿಗೆ ಹಲ್ಲು ಸಿಗಲಿಲ್ಲ. ಮೇಲಿನ ತುಟಿ, ಕೆಳಗಿನ ತುಟಿ, ಎರಡೂ ಒಂದರ ಮೇಲೊಂದು ಕೂತಿದ್ದವು. ಅವಳು ಒತ್ತಿರಲಿಲ್ಲ, ಬಿಗಿದಿರಲಿಲ್ಲ, ತಾವಾಗಿಯೇ ಕೂತಿದ್ದವು. ಅವಳು ಬೆರಳನ್ನು ತೆಗೆಯದೆ ಹಾಗೇ ಚಾಪೆಯ ಮೇಲೆ ಕುಸಿದಳು. ಟೀಚರ ಕಣ್ಣಲ್ಲಿ ನೀರು ಕಂಡು ಮಕ್ಕಳು ಹೆದರಿ ನಿಜವಾಗಿಯೂ ಮಲಗಿಬಿಟ್ಟವು. ಮೂವತ್ತಮೂರು ವರ್ಷಕ್ಕೆ ಒಬ್ಬ ಹೆಂಗಸಿನ ಬಾಯಿ ಮುಚ್ಚಿತು. ಇದು ಎಷ್ಟು ದೊಡ್ಡ ವಿಷಯ ಎಂದು ಬಾಯಿ ಮುಚ್ಚುವವರಿಗೆ ಗೊತ್ತಾಗುವುದಿಲ್ಲ ಬಿಡಿ.

ಅದಾಗಿ ನಾಲ್ಕು ದಿನಕ್ಕೆ, ಸೋಮವಾರ, ಹದಿನಾಲ್ಕನೆಯದು ಬಂತು. ಹದಿಮೂರು ಸಗಣಿ ಉಂಡೆಯಾಗಿ ತಿಪ್ಪೆ ಸೇರಿತು. ಹೊಸದು ಎಂದಿಗಿಂತ ಬಿಗಿ. ಬುಧವಾರ ಸಂಜೆ ರುದ್ರಮ್ಮ ಹುರುಳಿ ಬಸ್ಸಾರು ಮಾಡಿದ್ದಳು, ಒಲೆಯಿಂದ ಇಳಿಸಿದ ಮುದ್ದೆ ಹಬೆಯಾಡುತ್ತಿತ್ತು. ಎರಡು ದಿನದಿಂದ ಗಂಜಿ ಕುಡಿದವಳಿಗೆ ಹೊಟ್ಟೆ ಚುರುಗುಟ್ಟಿತು. ಚಿಪ್ಪು ತೆಗೆಯಲೆಂದು ಉಗುರು ಹಾಕಿದಳು, ನೋವು ನೆತ್ತಿಗೆ ಹೊಡೆಯಿತು. ತೆಗೆಯುವುದು ಅಗಿಯುವ ಸಲುವಾಗಿ ತಾನೆ, ಮುದ್ದೆಯನ್ನು ಯಾರು ಅಗಿಯುತ್ತಾರೆ ಎಂದುಕೊಂಡಳು. ಹಿಂದೆಯೂ ಒಂದೆರಡು ಸಲ ಆರಿದ ಮುದ್ದೆಯನ್ನು ಹಾಗೆ ನುಂಗಿದ್ದಳು, ಏನೂ ಆಗಿರಲಿಲ್ಲ. ಅಂದು ಬಿಸಿಬಿಸಿ ತುತ್ತನ್ನು ಸುಡುವ ಸಾರಿಗೆ ಅದ್ದಿ ನುಂಗಿದಳು. ಒಂದು ಮುದ್ದೆ, ಮೇಲೆ ಅರ್ಧ.

ಬೆಳಗ್ಗೆ ಎದ್ದರೆ ನೋವೇ ಇಲ್ಲ. ಬಾಯಿ ಹಗುರ. ಮೂರು ದಿನದ ನೋವು ಎರಡೇ ದಿನಕ್ಕೆ ಹೋಯಿತಲ್ಲ, ದೇವರು ಕಣ್ಣುಬಿಟ್ಟ ಎಂದು ಹಿಗ್ಗಿದಳು ಹುಚ್ಚಿ. ಆ ಗುರುವಾರವೆಲ್ಲ ಮಕ್ಕಳಿಗೆ ಹಾಡು ಹೇಳಿಕೊಟ್ಟಳು. ಶುಕ್ರವಾರ ಬೆಳಗ್ಗೆ ಅಂಗನವಾಡಿಯ ಕನ್ನಡಿಯಲ್ಲಿ ನೋಡಿಕೊಂಡಳು. ಮುಂದಿನ ಎರಡು ಹಲ್ಲಿಗೂ ಚಿಪ್ಪಿಗೂ ನಡುವೆ ಜಾಗ. ಚಿಪ್ಪು ಸೊಟ್ಟಗಾಗಿದೆ. ದೊಡ್ಡವರ ಚಪ್ಪಲಿಯೊಳಗೆ ಮಗು ಕಾಲಿಟ್ಟ ಹಾಗೆ ಹಲ್ಲು ಅದರೊಳಗೆ ಸಡಿಲವಾಗಿ ಕೂತಿದೆ. ತುಟಿ ಮುಚ್ಚಿ ನೋಡಿದಳು. ಮುಚ್ಚಿತು, ಆದರೆ ಒಂಚೂರು ಬಿಗಿಯಬೇಕಾಯಿತು. ಮೊನ್ನೆ ಬಿಗಿಯಬೇಕಿರಲಿಲ್ಲ.

ಫೋಟೊ ತೆಗೆದು ಕಳಿಸಿ ಡಾಕ್ಟರಿಗೆ ಫೋನು ಹಚ್ಚಿದಳು.

"ಬಿಸಿ ಏನ್ ತಿಂದ್ರಿ?" ಎಂದು ಅವರು ಕೇಳಿದರು.

"ಮುದ್ದೆ ಸರ್. ಆದ್ರೆ ಅಗಿದಿಲ್ಲ ಸರ್. ನುಂಗಿದ್ದು."

ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗುತ್ತದೆ, ಅದಕ್ಕೇ ಬಿಸಿನೀರು ತಾಗಿಸಬೇಡಿ ಎಂದು ಹೇಳಿದ್ದೆನಲ್ಲ ಎಂದರು. ಹೇಳಿದ್ದರು. ಅವಳು ಒಂದು ದಿನವೂ ಬಿಸಿನೀರಿನಲ್ಲಿ ತೊಳೆದವಳಲ್ಲ. ಹದಿನೈದನೆಯದನ್ನು ಹಾಕಿಕೊಳ್ಳಲೇ ಎಂದು ಕೇಳಿದಳು. ಬೇಡವೇ ಬೇಡ, ಅದು ಒಮ್ಮೆಲೇ ಎರಡು ಹೆಜ್ಜೆ, ಆ ಮೋಟು ಬೇರು ಕಿತ್ತು ಬರುತ್ತದೆ ಎಂದರು. ಹದಿನಾಲ್ಕನ್ನು ಮತ್ತೆ ಮಾಡಿಸಿ ತರಿಸಲು ಹನ್ನೆರಡು ದಿನ ಬೇಕು. ಅಲ್ಲಿಯವರೆಗೆ ಹದಿಮೂರನ್ನು ಹಾಕಿಕೊಂಡಿರಿ, ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಇವತ್ತೇ ಹಾಕಿಕೊಳ್ಳಿ, ಆಗಲೇ ಒಂದೂವರೆ ದಿನ ಹೋಗಿದೆ ಎಂದರು. ಹದಿಮೂರು ಇದೆಯಲ್ಲ ಎಂದೂ ಕೇಳಿದರು.

ಇದೆ ಎಂದು ಸುಳ್ಳು ಹೇಳಿ ಫೋನು ಇಟ್ಟಳು. ಮಕ್ಕಳನ್ನು ಸಹಾಯಕಿ ಬೋರಮ್ಮನ ಕೈಗೆ ಬಿಟ್ಟು ಮನೆಗೆ ಓಡಿದಳು. ಹಿತ್ತಲಿಗೆ ಹೋಗಿ ನೋಡಿದರೆ ತಿಪ್ಪೆಯಿದ್ದ ಜಾಗದಲ್ಲಿ ತಿಪ್ಪೆಯೇ ಇಲ್ಲ. ಒದ್ದೆ ಕಪ್ಪು ನೆಲ, ಅದರ ಮೇಲೆ ಟ್ರ್ಯಾಕ್ಟರಿನ ಚಕ್ರದ ಗುರುತು. ರುದ್ರಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮುಂಗಾರಿಗೆ ಮುಂಚೆ ಗೊಬ್ಬರ ಹೊಲ ಸೇರಬೇಕಲ್ಲ, ಟ್ರ್ಯಾಕ್ಟರಿನ ಹೊನ್ನಯ್ಯ ಬೆಳಗ್ಗೆಯೇ ಬಂದು ಹೊಡೆದು ಹೋದ, ಉಳುಮೆಯನ್ನೂ ಇವತ್ತೇ ಮುಗಿಸುತ್ತಾನೆ ಎಂದು ಸಂತೋಷದಿಂದಲೇ ಹೇಳಿದಳು. ಮೊದಲ ಲೋಡು ಎಲ್ಲಿಗೆ ಹೋಯಿತು ಎಂದು ಸೊಸೆ ಕೇಳಿದಳು. ಹೊಂಗೆ ಮರದ ಮಗ್ಗುಲಿಗೆ ಎಂದಳು. ಸೊಸೆ ಯಾಕೆಂದೂ ಹೇಳದೆ ಓಡಿದಳು.

ಸೋಮವಾರ ಹಾಕಿದ್ದು ತಿಪ್ಪೆಯ ಮೇಲ್ಗಡೆಯೇ ಇರಬೇಕು, ಮೇಲಿನದು ಮೊದಲ ಲೋಡಿನಲ್ಲಿ ಹೋಗಿರಬೇಕು. ಲೆಕ್ಕವೇನೋ ಸರಿ. ಆದರೆ ಹೊಂಗೆ ಮರದ ಮಗ್ಗುಲಲ್ಲಿ ಒಂದು ಗುಡ್ಡೆಯಲ್ಲ, ಏಳು ಗುಡ್ಡೆ. ಒಂದೊಂದೂ ಸೊಂಟದೆತ್ತರ. ಒಳಗೆ ಕೊಳೆತ ಹುಲ್ಲು, ಬೂದಿ, ತೆಂಗಿನ ನಾರು, ಸಗಣಿ. ಮೇಘಶ್ರೀ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮೊದಲ ಗುಡ್ಡೆಗೆ ಕೈಹಾಕಿದಳು. ಸಿಕ್ಕ ಸಿಕ್ಕ ಹೆಂಟೆಯನ್ನು ಒಡೆದು ನೋಡಿದಳು. ಸಗಣಿಯ ಗುಡ್ಡೆಯಲ್ಲಿ ಸಗಣಿಯ ಉಂಡೆಯನ್ನು ಹುಡುಕುವುದು ಎಂದರೇನು, ಸ್ವಲ್ಪ ಯೋಚಿಸಿ. ಹತ್ತು ಒಡೆದಳು, ಐವತ್ತು ಒಡೆದಳು. ಬಿಸಿಲು ನೆತ್ತಿಗೆ ಬಂತು. ಮೂಡಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ನಾಲ್ಕು ಹನಿ ಬಿದ್ದರೆ ಉಂಡೆಗಳೆಲ್ಲ ಕರಗಿ ಒಂದೇ ರೊಚ್ಚೆಯಾಗುತ್ತವೆ. ಮತ್ತೆ ಮತ್ತೆ ನಾಲಿಗೆಯನ್ನು ಮುಂದಿನ ಹಲ್ಲಿಗೆ ತಾಗಿಸಿ ನೋಡಿಕೊಂಡಳು. ಅಲುಗಾಡುತ್ತಿವೆಯೇ? ಮುಂದಕ್ಕೆ ಹೊರಟಿವೆಯೇ? ಅವಳ ಹಲ್ಲು ಅವಳ ಬಾಯಲ್ಲೇ ಇದ್ದು ಅವಳನ್ನು ಬಿಟ್ಟು ಹೋಗುತ್ತಿದ್ದವು. ಎರಡನೆಯ ಗುಡ್ಡೆ ಮುಗಿಯುವಷ್ಟರಲ್ಲಿ ಅವಳು ಬಾಯಿಬಿಟ್ಟು ಅಳುತ್ತಿದ್ದಳು. ಎರಡೂ ಕೈ ಸಗಣಿಯಲ್ಲಿದ್ದವು, ಬಾಯಿಗೆ ಅಡ್ಡ ಹಿಡಿಯಲು ಕೈಯೇ ಇರಲಿಲ್ಲ.

ರುದ್ರಮ್ಮ ಮಂಡಿನೋವಿನ ಕಾಲೆಳೆದುಕೊಂಡು ಬಂದದ್ದು ಆಗ. ಸೊಸೆಯ ಅವತಾರ ನೋಡಿ, ಹುಡುಕುತ್ತಿರುವುದು ಸೋಮವಾರ ಎಸೆದ ಚಿಪ್ಪನ್ನು ಎಂದು ಕೇಳಿ ತಿಳಿದು, ಮೊದಲು ಬೈದಳು. ಒಂದು ಪ್ಲಾಸ್ಟಿಕ್ ಚಿಪ್ಪಿಗೆ ಹೀಗೆ ಸಂಕಟ ಪಡುತ್ತಾರೆಯೇ, ಆ ಡಾಕ್ಟರಿಗೆ ಹೇಳಿ ಇನ್ನೊಂದು ಮಾಡಿಸಿಕೊಂಡರಾಯಿತು ಎಂದಳು.

"ಚಿಪ್ಪು ಇನ್ನೊಂದು ಬರುತ್ತೆ ಅತ್ತೆ," ಎಂದಳು ಮೇಘಶ್ರೀ. "ಅಷ್ಟರಲ್ಲಿ ಹಲ್ಲು ವಾಪಸ್ ಹೋಗುತ್ತೆ. ಆಮೇಲೆ ಎಳೆಯೋಕಾಗಲ್ಲ, ಬೇರಿಲ್ಲ. ಹೋದ ವಾರ ನನ್ನ ಬಾಯಿ ತಾನಾಗೇ ಮುಚ್ಚಿತ್ತು. ನಿಮಗೆಲ್ಲ ದಿನಾ ಮುಚ್ಚುತ್ತೆ. ನನಗೆ ಬುದ್ಧಿ ಬಂದಾಗಿನಿಂದ ಒಂದೇ ವಾರ ಮುಚ್ಚಿದ್ದು ಅತ್ತೆ."

ರುದ್ರಮ್ಮ ಬಗ್ಗಿ ಸೊಸೆಯ ಮುಖ ನೋಡಿದಳು. ಎಂಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡ ಸೊಸೆಯ ಬಾಯಿಯನ್ನು ಆಕೆ ಸರಿಯಾಗಿ ನೋಡಿದ್ದು ಅಂದೇ ಇರಬೇಕು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಒಡೀಬ್ಯಾಡ, ಹಂಗೆ ಒಡುದ್ರೆ ಒಳಗಿರಾದೂ ಮುರ್ದೋಯ್ತದೆ," ಎಂದಳು. "ನಾನು ಸುತ್ತಿದ್ ಉಂಡೆ ನಂಗ್ ಗೊತ್ತಾಗಾಕಿಲ್ವಾ? ಬೆರಣಿ ತಟ್ಟಿ ತಟ್ಟಿ ಅಭ್ಯಾಸ, ಮೂರು ಬೆಳ್ಳು ಒತ್ತಿರ್ತೀನಿ. ಬೆಳ್ಳಿನ ಗುರುತು ನೋಡು."

ಇಬ್ಬರೂ ಮಂಡಿಯೂರಿದರು. ಮೂರನೆಯ ಗುಡ್ಡೆಯಲ್ಲಿ ಮೂರು ಬೆರಳಿನ ಗುರುತಿದ್ದ ಒಂದು ಹೆಂಟೆ ಸಿಕ್ಕಿತು. ರುದ್ರಮ್ಮನೇ ಬಿಡಿಸಿದಳು. ಒಳಗೆ ಚಿಪ್ಪು ಇತ್ತು. ಮೇಘಶ್ರೀ ಸೆರಗಿನಿಂದ ಒರೆಸಿ ಅಂಚಿನ ಸಣ್ಣ ಅಂಕಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಹನ್ನೆರಡು. ನಡುವೆ ಸೀಳಿಹೋಗಿತ್ತು, ಚಕ್ರ ಹತ್ತಿರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಅವಳು ಅದನ್ನು ಹಿಡಿದುಕೊಂಡೇ ನೆಲಕ್ಕೆ ಹಣೆ ಹಚ್ಚಿಬಿಟ್ಟಳು. ಹದಿಮೂರೂ ಹೀಗೇ ಸೀಳಿರುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅದೇ ಹೊತ್ತಿಗೆ ಹೊನ್ನಯ್ಯನ ಟ್ರ್ಯಾಕ್ಟರು ನೇಗಿಲು ಕಟ್ಟಿಕೊಂಡು ಬದು ಹತ್ತಿ ಬಂತು. ಮಳೆಗೆ ಮುಂಚೆ ಇನ್ನೂ ಎರಡು ಹೊಲ ಒಪ್ಪಿಕೊಂಡವನು, ನಿಲ್ಲುವ ಹಾಗಿರಲಿಲ್ಲ. ಗೊಬ್ಬರದ ಗುಡ್ಡೆಯ ನಡುವೆ ಅತ್ತೆ ಸೊಸೆ ಇಬ್ಬರನ್ನೂ ಕಂಡು, ತಾಳಿ ಕಳೆಯಿತೇ ಎಂದು ಗಾಬರಿಯಿಂದ ಕೇಳಿದ. ಹೂಂ ಎಂದಿದ್ದರೆ ಅವನೂ ಇಳಿದು ಹುಡುಕುತ್ತಿದ್ದನೇನೋ. ಮೇಘಶ್ರೀ ತಲೆ ಎತ್ತಿ, ತಾಳಿಯಲ್ಲ, ಹಲ್ಲಿಗೆ ಹಾಕಿಕೊಳ್ಳುವ ಅಲೈನರ್ ಎಂದು ನಿಜವನ್ನೇ ಹೇಳಿದಳು. ಅವನಿಗೆ ನಗು ಬಂತು. ಪ್ಲಾಸ್ಟಿಕ್ಕಿಗಾಗಿ ಉಳುಮೆ ನಿಲ್ಲಿಸಿದರೆ ಊರವರು ನನ್ನನ್ನು ನೋಡಿ ನಗುತ್ತಾರೆ ಎಂದು ಗೇರು ಹಾಕಿದ.

ರುದ್ರಮ್ಮ ಎದ್ದು ಹೋಗಿ ನೇಗಿಲಿನ ದಾರಿಗೆ ಅಡ್ಡವಾಗಿ ಮಣ್ಣಿನ ಮೇಲೆ ಕೂತಳು. "ನಮ್ ಹುಡುಗಿ ಬಾಯಿ ಕಣಲಾ ಅದು," ಎಂದಳು. "ಉಳಾದಾದ್ರೆ ನನ್ ಮ್ಯಾಲೇ ಉಳು."

ಹೊನ್ನಯ್ಯ ಎಂಜಿನ್ ಆರಿಸಿದ. ಅರ್ಧ ಗಂಟೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ ಎಂದು ಹೊಂಗೆಯ ನೆರಳಿಗೆ ಹೋಗಿ ಕೂತ.

ನಾಲ್ಕನೆಯ ಗುಡ್ಡೆಯಲ್ಲಿ ಏನೂ ಸಿಗಲಿಲ್ಲ. ಐದನೆಯದರಲ್ಲೂ ಇಲ್ಲ. ದೂರದಲ್ಲಿ ಗುಡುಗಿತು. ಹೊನ್ನಯ್ಯ ಎದ್ದು ಪಂಚೆ ಕೊಡವಿಕೊಂಡ. ಮೇಘಶ್ರೀಯ ಉಗುರಿನ ಸಂದಿಯಿಂದ ರಕ್ತ ಬರುತ್ತಿತ್ತು, ಕಣ್ಣೀರಿನಲ್ಲಿ ಹೆಂಟೆ ಯಾವುದು ಕೈ ಯಾವುದು ಎಂದೇ ಅವಳಿಗೆ ಕಾಣುತ್ತಿರಲಿಲ್ಲ. ಸಾಕು ಅತ್ತೆ, ಹೋಗಲಿ ಬಿಡಿ, ನನ್ನ ಹಣೆಬರಹ ಎಂದು ಅವಳು ಕೈಚೆಲ್ಲಿದಳು. ರುದ್ರಮ್ಮ ಅದನ್ನು ಕಿವಿಗೇ ಹಾಕಿಕೊಳ್ಳದೆ ಆರನೆಯ ಗುಡ್ಡೆಯ ಬುಡಕ್ಕೆ ಮೊಣಕೈವರೆಗೆ ಕೈತೂರಿದಳು. ಮೇಲೆ ಒಣಗಿ ಗಟ್ಟಿಯಾದ ಒಂದು ಉಂಡೆ ಹೊರಬಂತು. ಮೂರು ಬೆರಳು ಅಚ್ಚೊತ್ತಿದಂತೆ ಇದ್ದವು. ತನ್ನ ಬೆರಳನ್ನು ಆ ಗುರುತಿನಲ್ಲಿಟ್ಟು ನೋಡಿ, ಮೊಟ್ಟೆ ಸುಲಿಯುವ ಹಾಗೆ ಮೆಲ್ಲಗೆ ಬಿಡಿಸಿದಳು. ಹದಿಮೂರು. ಎಲ್ಲೂ ಮುಕ್ಕಾಗಿರಲಿಲ್ಲ. ಸಗಣಿಯ ಗಟ್ಟಿ ಕವಚದೊಳಗೆ ಭದ್ರವಾಗಿತ್ತು.

ಮನೆಗೆ ಹೋಗುವಷ್ಟು ತಾಳ್ಮೆ ಅವಳಿಗೆಲ್ಲಿಂದ ಬರಬೇಕು? ಬೋರ್‌ವೆಲ್ಲಿನ ಪಕ್ಕದ ತೊಟ್ಟಿಯಲ್ಲಿ ನೀರಿತ್ತು, ಕಲ್ಲಿನ ಮೇಲೆ ಯಾರೋ ಬಿಟ್ಟ ಸೋಪಿನ ಚೂರಿತ್ತು. ತೊಳೆದಳು. ಮತ್ತೆ ತೊಳೆದಳು. ಎಂಟು ಸಲ ತೊಳೆದಿರಬೇಕು. ಮೂಗಿಗೆ ಹಿಡಿದು ನೋಡಿದಳು, ವಾಸನೆ ಪೂರ್ತಿ ಹೋಗಿರಲಿಲ್ಲ. ಲೋಟ ಮುಟ್ಟಿದ ಜಾಗಕ್ಕೆ ನೀರು ಚಿಮುಕಿಸುವ ರುದ್ರಮ್ಮ ಎದುರಿಗೇ ನಿಂತು ನೋಡುತ್ತಿದ್ದಳು, ಛೀ ಎನ್ನಲಿಲ್ಲ. ಮೇಘಶ್ರೀ ಕಣ್ಣು ಮುಚ್ಚಿ ಚಿಪ್ಪನ್ನು ಬಾಯಿಗಿಟ್ಟಳು. ಅದು ಕೂರಲಿಲ್ಲ. ಎರಡೂ ಹೆಬ್ಬೆರಳನ್ನು ಮುಂದಿನ ಹಲ್ಲಿನ ಮೇಲೆ ಇಟ್ಟು ಒತ್ತಿದಳು. ಇನ್ನೂ ಒತ್ತಿದಳು. ಟಕ್ ಎಂದು ಒಳಗೆ ಕೂತಿತು. ಕೂತದ್ದೇ ತಡ, ನೋವು ಹಲ್ಲಿನಿಂದ ಹಣೆಗೆ, ಹಣೆಯಿಂದ ನೆತ್ತಿಗೆ ಏರಿತು. ಮೊದಲನೆಯ ದಿನ ಬಸ್ಸಿನಲ್ಲಿ ಬಂದಿತ್ತಲ್ಲ, ಅಂಥದೇ ಜೀವ ಹಿಂಡುವ ನೋವು. ಹಲ್ಲು ಹೊರಟುಹೋಗಿದ್ದರೆ ಇದು ಕೂರುತ್ತಲೇ ಇರಲಿಲ್ಲ. ಇನ್ನೂ ಎಳೆಯುತ್ತಿದೆ ಎಂದರೆ ಇನ್ನೂ ಹಿಡಿತದಲ್ಲಿದೆ.

ಅವಳು ತೊಟ್ಟಿಯ ಅಂಚನ್ನು ಹಿಡಿದುಕೊಂಡು ಬಗ್ಗಿದಳು. ಏನಾಯಿತೋ ಎಂದು ರುದ್ರಮ್ಮ ಬೆನ್ನಿಗೆ ಕೈಹಾಕಿದಳು.

"ನೋಯ್ತಾ ಇದೆ ಅತ್ತೆ," ಎಂದಳು ಮೇಘಶ್ರೀ, ಅಳುತ್ತ, ನಗುತ್ತ, ತೆರೆದ ಬಾಯಲ್ಲಿ. "ತುಂಬಾ ನೋಯ್ತಾ ಇದೆ."

"ನೋಯ್ಲಿ ಕಣ್ ಮಗ," ಎಂದಳು ರುದ್ರಮ್ಮ. "ನೋಯ್ಲಿ ಬಿಡು."